ಐಸಿಯು ನರ್ಸ್‌ಗಳಿಗೆ ಸಂಸ್ಕೃತಿಯ ತರಬೇತಿ: ಕೈಪಿಡಿಯಿಂದ ಆಗದ ಕೆಲಸ

ಪ್ರಶ್ನೆ: ಉತ್ತರ ಕರ್ನಾಟಕದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಶಿಕ್ಷಣದ ಹೊಣೆ ನನ್ನದು. ನಮ್ಮ ಐಸಿಯು ನರ್ಸ್‌ಗಳಲ್ಲಿ ಅರ್ಧದಷ್ಟು ಮಂದಿ ಕೇರಳ ಮತ್ತು ಈಶಾನ್ಯ ರಾಜ್ಯಗಳಿಂದ ಬಂದವರು. ರೋಗಿಗಳಲ್ಲಿ ಲಿಂಗಾಯತರು, ಮುಸ್ಲಿಮರು, ಜೈನರು, ಲಂಬಾಣಿ ತಾಂಡಾಗಳವರು, ಬಿಹಾರ ಹಾಗೂ ಒಡಿಶಾದಿಂದ ಕಟ್ಟಡ ಕೆಲಸಕ್ಕೆ ಬಂದವರು ಎಲ್ಲರೂ ಇದ್ದಾರೆ. ಇತ್ತೀಚೆಗೆ ಎರಡು ದೂರುಗಳು ಬಂದವು. ವೃದ್ಧರೊಬ್ಬರ ಕೊರಳಿನ ಇಷ್ಟಲಿಂಗವನ್ನು ತೆಗೆದು ಚಪ್ಪಲಿಯ ಜೊತೆ ಒಂದೇ ಚೀಲದಲ್ಲಿ ಹಾಕಿ ಮನೆಯವರ ಕೈಗೆ ಕೊಟ್ಟಿದ್ದು ಒಂದು; ಮುಸ್ಲಿಂ ಮಹಿಳೆಯೊಬ್ಬರಿಗೆ ಪುರುಷ ಸಿಬ್ಬಂದಿ ಮೈ ಒರೆಸಿದ್ದು ಇನ್ನೊಂದು. ಪ್ರತಿಯೊಂದು ಧರ್ಮ, ಸಮುದಾಯದ ಆಚರಣೆಗಳ ಕೈಪಿಡಿ ಮಾಡಿ ಒಂದು ದಿನದ ಕಾರ್ಯಾಗಾರ ನಡೆಸಿ ಎಂದು ಆಡಳಿತ ಮಂಡಳಿ ಹೇಳುತ್ತಿದೆ. ಇದು ಸರಿಯಾದ ದಾರಿಯೇ? ಅಲ್ಲವಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ಕೈಪಿಡಿಯನ್ನು ಮಾಡಿ ಕಪಾಟಿನಲ್ಲಿಡಿ, ಸಂದೇಹ ಬಂದಾಗ ತೆರೆದು ನೋಡಲು ಅದು ಉಪಯೋಗಕ್ಕೆ ಬರುತ್ತದೆ. ಅದನ್ನೇ ತರಬೇತಿ ಎಂದು ಮಾತ್ರ ಕರೆಯಬೇಡಿ. ಎರಡು ದಶಕಗಳಿಂದ ತೀವ್ರ ನಿಗಾ ಘಟಕಗಳ ನರ್ಸ್‌ಗಳಿಗೆ ಪಾಠ ಹೇಳುತ್ತಾ ಬಂದಿರುವ ನಾನು ಮೊದಲ ಕೆಲವು ವರ್ಷ ಇಂಥದೇ ಕೈಪಿಡಿಯನ್ನು ಹಂಚುತ್ತಿದ್ದೆ. ಅದರಿಂದ ಆದ ಹಾನಿ ನನ್ನ ಕಣ್ಣಿಗೆ ಬೀಳಲು ಸಮಯ ಹಿಡಿಯಿತು. ಕೈಪಿಡಿ ಓದಿದ ನರ್ಸ್ ಕೇಸ್ ಶೀಟಿನ ಮೇಲಿನ ಹೆಸರು ನೋಡಿದ ಕೂಡಲೇ ರೋಗಿಯ ಬಗ್ಗೆ ಎಲ್ಲವೂ ತಿಳಿಯಿತೆಂದು ಭಾವಿಸುತ್ತಾಳೆ, ಆಮೇಲೆ ಏನನ್ನೂ ಕೇಳುವುದಿಲ್ಲ. ದಿನಕ್ಕೆರಡು ಬಾರಿ ಇಷ್ಟಲಿಂಗ ಪೂಜೆ ಮಾಡದೆ ನೀರೂ ಮುಟ್ಟದ ಹಿರಿಯರಿದ್ದಾರೆ; ಅದೇ ಮನೆಯಲ್ಲಿ ಲಿಂಗವನ್ನು ದೇವರ ಕೋಣೆಯಲ್ಲೇ ಇಟ್ಟಿರುವ ಮಗನೂ ಇದ್ದಾನೆ. ಇಬ್ಬರ ಹೆಸರಿನ ಕೊನೆಯ ಅಡ್ಡಹೆಸರು ಒಂದೇ. ಯಾವ ಪುಟವೂ ಈ ವ್ಯತ್ಯಾಸವನ್ನು ಹೇಳಲಾರದು. ಅದನ್ನು ತಿಳಿಯಲು ಕೇಳಬೇಕು, ಕೇಳಿದ್ದನ್ನು ಮುಂದಿನ ಪಾಳಿಯವರಿಗೆ ತಿಳಿಯುವಂತೆ ಬರೆದಿಡಬೇಕು. ನಿಮ್ಮ ತರಬೇತಿಯ ಗುರಿ ಈ ಎರಡು ಅಭ್ಯಾಸಗಳಾಗಿರಲಿ.

ಈ ವಿಷಯ ನರ್ಸಿಂಗ್‌ನೊಳಗೆ ಹೇಗೆ ಬೆಳೆಯಿತು ಎಂಬುದನ್ನು ನಿಮ್ಮ ತರಬೇತುದಾರರು ತಿಳಿದಿರಬೇಕು, ಏಕೆಂದರೆ ನೀವು ಇಂದು ಎದುರಿಸುತ್ತಿರುವ ಪ್ರಶ್ನೆಯನ್ನೇ ಇತರರು ಎದುರಿಸಿ ದಾಟಿದ್ದಾರೆ. ಅಮೆರಿಕದ ನರ್ಸ್ ಮ್ಯಾಡಲಿನ್ ಲೈನಿಂಜರ್ 1950ರ ದಶಕದಲ್ಲಿ ಮಕ್ಕಳ ಮನೋವೈದ್ಯಕೀಯ ಕೇಂದ್ರವೊಂದರಲ್ಲಿ ಕೆಲಸ ಮಾಡುವಾಗ, ಬೇರೆ ಬೇರೆ ಹಿನ್ನೆಲೆಯ ಮಕ್ಕಳು ಒಂದೇ ಬಗೆಯ ಆರೈಕೆಗೆ ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸುವುದನ್ನು ಕಂಡರು. ಆಮೇಲೆ ಮಾನವಶಾಸ್ತ್ರ ಓದಿ, ಪಪುವಾ ನ್ಯೂಗಿನಿಯ ಗ್ಯಾಡ್ಸಪ್ ಜನರ ನಡುವೆ ಇದ್ದು ಅಧ್ಯಯನ ಮಾಡಿ, ಸಾಂಸ್ಕೃತಿಕ ಶುಶ್ರೂಷೆ ಎಂಬ ಶಾಖೆಯನ್ನೇ ಕಟ್ಟಿದರು. ಅವರ ದಾರಿಯಲ್ಲಿ ನಡೆದ ಹಲವರು ಸಮುದಾಯವಾರು ಮಾಹಿತಿ ಕಲೆಹಾಕುವುದಕ್ಕೆ ಹೆಚ್ಚು ಒತ್ತು ಕೊಟ್ಟರು. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನಾಂಗದ ನರ್ಸ್ ಇರಿಹಪೆಟಿ ರಾಮ್ಸ್‌ಡನ್ ದಿಕ್ಕು ಬದಲಿಸಿದರು. ಮಾವೋರಿಗಳ ಆಚರಣೆಗಳ ಪಟ್ಟಿಯನ್ನು ಕಂಠಪಾಠ ಮಾಡಿದ ನರ್ಸ್‌ನಿಂದ ಮಾವೋರಿ ರೋಗಿಗೆ ಉಪಕಾರವಾಗುವುದಿಲ್ಲ, ನರ್ಸ್ ತನ್ನ ಸಂಸ್ಕೃತಿ ಮತ್ತು ತನ್ನ ಕೈಯಲ್ಲಿರುವ ಅಧಿಕಾರವನ್ನು ಮೊದಲು ನೋಡಿಕೊಳ್ಳಬೇಕು, ಆರೈಕೆ ತನಗೆ ಸುರಕ್ಷಿತವಾಗಿತ್ತೇ ಎಂದು ಹೇಳುವ ಹಕ್ಕು ರೋಗಿಯದು ಎಂಬುದು ಅವರ ವಾದ. 1992ರಲ್ಲಿ ಅಲ್ಲಿನ ನರ್ಸಿಂಗ್ ಮಂಡಳಿ ಇದನ್ನು ನರ್ಸಿಂಗ್ ಶಿಕ್ಷಣದ ಕಡ್ಡಾಯ ಭಾಗವಾಗಿಸಿತು. ಅಮೆರಿಕದ ವೈದ್ಯೆಯರಾದ ಮೆಲನಿ ಟೆರ್ವಲಾನ್ ಮತ್ತು ಜಾನ್ ಮರೆ-ಗಾರ್ಸಿಯಾ 1998ರಲ್ಲಿ ಬರೆದ ಲೇಖನದಲ್ಲಿ ಸಾಂಸ್ಕೃತಿಕ ಸಾಮರ್ಥ್ಯ ಎಂಬ ಮಾತಿಗೆ ಬದಲಾಗಿ ಸಾಂಸ್ಕೃತಿಕ ವಿನಯ, ಅಂದರೆ ಎಲ್ಲ ತಿಳಿದಿದೆ ಎನ್ನದೆ ರೋಗಿಯಿಂದ ಕಲಿಯುತ್ತಲೇ ಇರುವುದು, ಎಂಬ ಮಾತನ್ನು ಮುಂದಿಟ್ಟರು. ಜಾತಿ ಇರುವ ನಮ್ಮ ಸಮಾಜಕ್ಕೆ ರಾಮ್ಸ್‌ಡನ್ ಅವರ ಮಾತು ಇವೆಲ್ಲಕ್ಕಿಂತ ಹತ್ತಿರದ್ದು ಎಂಬುದು ನನ್ನ ಅಭಿಪ್ರಾಯ.

ಸಾಮಾನ್ಯ ವಾರ್ಡಿಗೂ ಐಸಿಯುಗೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆ. ವಾರ್ಡಿನ ರೋಗಿ ತನಗೆ ಬೇಡದ್ದನ್ನು ಬಾಯಿಬಿಟ್ಟು ಬೇಡ ಎನ್ನಬಲ್ಲ. ಐಸಿಯು ರೋಗಿಯ ಗಂಟಲಲ್ಲಿ ನಳಿಕೆ ಇದೆ, ಮೈಯಲ್ಲಿ ಮಂಪರಿನ ಔಷಧಿ ಇದೆ, ಕೈಗಳನ್ನು ಕಟ್ಟಿರಲೂಬಹುದು, ಮನೆಯವರು ಗಾಜಿನ ಬಾಗಿಲಿನ ಆಚೆ ಇದ್ದಾರೆ. ದಾಖಲಾದ ಮೊದಲ ಹತ್ತು ನಿಮಿಷದಲ್ಲಿ ಬಟ್ಟೆ ಕತ್ತರಿಸುತ್ತೇವೆ, ಕೊರಳು ಮತ್ತು ಕೈಯಲ್ಲಿರುವುದನ್ನೆಲ್ಲ ಬಿಚ್ಚುತ್ತೇವೆ. ಜೀವ ಉಳಿಸುವ ಆತುರದಲ್ಲಿ ಇದು ಅನಿವಾರ್ಯ, ಆದರೆ ಬಿಚ್ಚಿದ್ದನ್ನು ಹೇಗೆ ಬಿಚ್ಚಿದೆವು, ಎಲ್ಲಿಟ್ಟೆವು, ಯಾರ ಕೈಗೆ ಏನು ಹೇಳಿ ಕೊಟ್ಟೆವು ಎಂಬುದಕ್ಕೆ ಆತುರದ ನೆಪ ಸಲ್ಲುವುದಿಲ್ಲ. ನಿಮಗೆ ಬಂದ ಮೊದಲ ದೂರು ಇಲ್ಲಿ ಹುಟ್ಟಿದ್ದು. ಆ ವೃದ್ಧರ ಮನೆಯವರಿಗೆ ನೋವಾದದ್ದು ಲಿಂಗವನ್ನು ತೆಗೆದದ್ದಕ್ಕಲ್ಲ ಎಂದು ನಾನು ಊಹಿಸುತ್ತೇನೆ. ಕೊರಳಿನ ದೊಡ್ಡ ರಕ್ತನಾಳಕ್ಕೆ ನಳಿಕೆ (ಕೇಂದ್ರ ನಾಳದ ಕೆಥೆಟರ್) ಹಾಕಬೇಕಾದಾಗ ತೆಗೆಯಲೇಬೇಕೆಂದು ವಿವರಿಸಿದರೆ ಯಾರೂ ಒಪ್ಪುತ್ತಾರೆ. ಅದು ಚಪ್ಪಲಿಯ ಜೊತೆ ಬಂತು ಎಂಬುದು ನೋವು. ಸ್ವಚ್ಛವಾದ ಬಿಳಿ ಬಟ್ಟೆಯ ಸಣ್ಣ ಚೀಲಗಳನ್ನು ದಾಖಲಾತಿ ಟ್ರಾಲಿಯಲ್ಲೇ ಇಡಿ. ಇಷ್ಟಲಿಂಗ, ತಾಳಿ, ಜನಿವಾರ, ದರ್ಗಾದ ದಾರ, ತಾಯಿತ, ಜಪಮಾಲೆ, ಸಿಖ್ ರೋಗಿಯ ಕಡ, ಮದುವೆಯಾದ ಲಂಬಾಣಿ ಹೆಂಗಸರ ತೋಳಿನ ಬಳೆಗಳು, ಎಲ್ಲವೂ ಅದರಲ್ಲಿ ಹೋಗಲಿ. ಉಳಿದ ಸಾಮಾನು ಬೇರೆ ಚೀಲದಲ್ಲಿ ಹೋಗಲಿ. ತೆಗೆಯುವ ಅಗತ್ಯವಿಲ್ಲದ ದಾರವನ್ನು ಅಭ್ಯಾಸಬಲದಿಂದ ಕತ್ತರಿಸದೆ ಬಿಡುವುದನ್ನೂ ಕಲಿಸಿ. ಬಾವು ಬರುವ ಕೈಯಿಂದ ಬಳೆ ತೆಗೆಯಬೇಕಾದದ್ದು ನಿಜ, ಎಂಆರ್‌ಐಗೆ ಲೋಹ ತೆಗೆಯಬೇಕಾದದ್ದೂ ನಿಜ. ಸೊಂಟದ ಉಡಿದಾರ ಯಾರಿಗೆ ಅಡ್ಡಿ?

ಇನ್ನು ಭಾಷೆ. ಇದರ ಬಗ್ಗೆ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಏಕೆಂದರೆ ಸಂಸ್ಕೃತಿಯ ತರಬೇತಿ ಎಂದರೆ ಸೌಜನ್ಯದ ಪಾಠ ಎಂದು ತಿಳಿದಿರುವ ವೈದ್ಯರಿಗೆ ಇದು ರೋಗಿಯ ಸುರಕ್ಷತೆಯ ವಿಷಯ ಎಂದು ಮನದಟ್ಟು ಮಾಡುವುದು ಇಲ್ಲಿಯೇ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡವನ್ನು ಮಾತೃಭಾಷೆ ಎಂದವರು ಮೂರರಲ್ಲಿ ಎರಡು ಪಾಲು ಮಾತ್ರ. ಉರ್ದು ಎಂದವರೇ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು. ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಮಾಪನದಲ್ಲಿ ಮಾತಿಗೆ ಐದು ಅಂಕ. ರೋಗಿ ಸರಿಯಾಗಿ ಉತ್ತರಿಸಿದರೆ ಐದು, ಗೊಂದಲದ ಮಾತಾದರೆ ನಾಲ್ಕು, ಸಂಬಂಧವಿಲ್ಲದ ಪದಗಳಾದರೆ ಮೂರು. ಲಂಬಾಣಿಗರ ಭಾಷೆಯಾದ ಗೋರ್ ಬೋಲಿಯಲ್ಲಿ ಸ್ಪಷ್ಟವಾಗಿ ನೀರು ಕೇಳುತ್ತಿರುವ ತಾಂಡಾದ ಅಜ್ಜಿಗೆ, ಆ ಭಾಷೆ ತಿಳಿಯದ ನರ್ಸ್ ಮೂರು ಅಂಕ ಬರೆದದ್ದನ್ನು ನಾನು ನೋಡಿದ್ದೇನೆ. ಹಿಂದಿನ ಪಾಳಿಯಲ್ಲಿ ಅಜ್ಜಿಯ ಮಗಳು ಪಕ್ಕದಲ್ಲಿದ್ದಾಗ ಐದು ಇತ್ತು. ಚಾರ್ಟಿನಲ್ಲಿ ಅಂಕ ಇಳಿದದ್ದು ಕಂಡು ರಾತ್ರಿ ಎರಡು ಗಂಟೆಗೆ ಸಿಟಿ ಸ್ಕ್ಯಾನಿಗೆ ಕಳುಹಿಸಿದರು. ಇದಕ್ಕಿಂತ ಕೆಟ್ಟದ್ದು ಇದರ ತಿರುವುಮುರುವು: ಭಾಷೆ ಬಾರದ್ದರಿಂದ ಹೀಗೆ ಎಂದು ಸುಮ್ಮನಿದ್ದು, ನಿಜವಾಗಿ ಮಿದುಳಿನಲ್ಲಿ ರಕ್ತ ಸೋರುತ್ತಿರುವುದನ್ನು ಕಾಣದೆ ಹೋಗುವುದು.

ಸ್ಥಳ, ಕಾಲ, ವ್ಯಕ್ತಿಗಳ ಅರಿವನ್ನು ಪರೀಕ್ಷಿಸುವ ನಮ್ಮ ಪ್ರಶ್ನೆಗಳನ್ನೂ ಒಮ್ಮೆ ನೋಡಿ. "ನಿಮ್ಮ ಯಜಮಾನರ ಹೆಸರೇನು?" ಎಂದು ಕೇಳುತ್ತೇವೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂಬ ನಡವಳಿಕೆಯಲ್ಲಿ ಬದುಕಿದ ಹಳ್ಳಿಯ ಹಿರಿಯ ಹೆಂಗಸು ಸುಮ್ಮನಾಗುತ್ತಾಳೆ ಅಥವಾ ಮುಖ ತಿರುಗಿಸುತ್ತಾಳೆ. ನಾವು ಆಕೆಗೆ ಅರಿವು ತಪ್ಪಿದೆ ಎಂದು ಬರೆಯುತ್ತೇವೆ. ಮದುವೆ, ಹಬ್ಬಗಳಲ್ಲಿ ಒಗಟಿನಲ್ಲಿ ಗಂಡನ ಹೆಸರು ಹೇಳಿಸುವ ಸಂಪ್ರದಾಯ ಇರುವ ನಾಡಿನಲ್ಲಿ ಇದು ನಮಗೆ ಹೊಳೆಯಬೇಕಿತ್ತು. "ಇವತ್ತು ತಾರೀಖು ಎಷ್ಟು?" ಎಂದರೆ ತಿಳಿಯದ ರೈತನಿಗೆ ಅಮಾವಾಸ್ಯೆ ಕಳೆದು ಎಷ್ಟು ದಿನವಾಯಿತು, ಊರ ಸಂತೆ ಯಾವ ವಾರ ಎಂಬುದು ಸರಿಯಾಗಿ ಗೊತ್ತಿರುತ್ತದೆ. ಮಕ್ಕಳೆಷ್ಟು, ಊರು ಯಾವುದು, ಈಗ ಹಗಲೋ ರಾತ್ರಿಯೋ ಎಂದು ಕೇಳಿ.

ಡೆಲಿರಿಯಂ, ಅಂದರೆ ತೀವ್ರ ಕಾಯಿಲೆಯಲ್ಲಿ ಉಂಟಾಗುವ ಮತಿಭ್ರಮೆಯನ್ನು ಗುರುತಿಸಲು ಬಳಸುವ ಕ್ಯಾಮ್-ಐಸಿಯು ಪರೀಕ್ಷೆಯನ್ನು ವೆಸ್ಲಿ ಈಲಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಅದರಲ್ಲಿ ಹತ್ತು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿ, 'ಎ' ಬಂದಾಗ ಮಾತ್ರ ಕೈ ಹಿಸುಕಲು ಹೇಳುತ್ತೇವೆ. ಆಮೇಲೆ ಹೌದು ಅಲ್ಲ ಎನ್ನುವ ಪ್ರಶ್ನೆಗಳು: ಕಲ್ಲು ನೀರಿನಲ್ಲಿ ತೇಲುತ್ತದೆಯೇ, ಸಮುದ್ರದಲ್ಲಿ ಮೀನಿದೆಯೇ, ಒಂದು ಪೌಂಡು ಎರಡು ಪೌಂಡಿಗಿಂತ ಹೆಚ್ಚು ತೂಗುತ್ತದೆಯೇ, ಸುತ್ತಿಗೆಯಿಂದ ಮೊಳೆ ಹೊಡೆಯಬಹುದೇ. ಅಕ್ಷರ ಕಲಿಯದ ಕುರಿಗಾಹಿಗೆ 'ಎ' ಎಂಬುದು ಒಂದು ಸದ್ದು ಮಾತ್ರ. ಪೌಂಡು ಯಾರ ಮನೆಯ ತೂಕ? ಕಲ್ಲಿನ ಪ್ರಶ್ನೆ ಮತ್ತು ಮೊಳೆಯ ಪ್ರಶ್ನೆ ಎಲ್ಲ ಊರಿಗೂ ಸಲ್ಲುತ್ತವೆ, ಪೌಂಡಿನ ಜಾಗದಲ್ಲಿ ಕಿಲೋ ಬರಬೇಕು, ಅಕ್ಷರಗಳ ಜಾಗದಲ್ಲಿ ಆ ಭಾಷೆಯಲ್ಲಿ ಕಿವಿಗೆ ಸ್ಪಷ್ಟವಾಗಿ ಬೇರೆಯಾಗಿ ಕೇಳುವ ಸದ್ದುಗಳು ಬರಬೇಕು. ಆದರೆ ಪ್ರತಿಯೊಬ್ಬ ನರ್ಸ್ ತನ್ನ ಪಾಳಿಯಲ್ಲಿ ತನಗೆ ತೋಚಿದಂತೆ ಅನುವಾದಿಸಿದರೆ ಬೆಳಗಿನ ಫಲಿತಾಂಶವನ್ನು ರಾತ್ರಿಯದರೊಂದಿಗೆ ಹೋಲಿಸಲಾಗುವುದಿಲ್ಲ. ನಿಮ್ಮ ತಜ್ಞ ವೈದ್ಯರು, ಮನಃಶಾಸ್ತ್ರಜ್ಞರು ಮತ್ತು ಆಯಾ ಭಾಷೆಯ ನರ್ಸ್‌ಗಳು ಒಟ್ಟಿಗೆ ಕುಳಿತು ಕನ್ನಡ, ಉರ್ದು, ಹಿಂದಿ, ಗೋರ್ ಬೋಲಿಗಳಲ್ಲಿ ಒಂದೊಂದು ಪಾಠವನ್ನು ಸಿದ್ಧಪಡಿಸಿ, ಇನ್ನೊಬ್ಬರಿಂದ ಹಿಂದಕ್ಕೆ ಅನುವಾದಿಸಿ ನೋಡಿ, ಒಂದಷ್ಟು ರೋಗಿಗಳ ಮೇಲೆ ಪರೀಕ್ಷಿಸಿ, ಹಾಸಿಗೆಯ ಬುಡದಲ್ಲಿ ತೂಗುಹಾಕಿ. ಈ ಕೆಲಸದಲ್ಲಿ ಭಾಗವಹಿಸುವುದೇ ನರ್ಸ್‌ಗಳಿಗೆ ಒಳ್ಳೆಯ ತರಬೇತಿ. ಒಂದು ದಿನದ ಉಪನ್ಯಾಸದಲ್ಲಿ ಸಿಗದ ತಿಳಿವಳಿಕೆ ಒಂದು ವಾಕ್ಯವನ್ನು ಅಜ್ಜಿಗೆ ಅರ್ಥವಾಗುವಂತೆ ತಿದ್ದುವಾಗ ಸಿಗುತ್ತದೆ.

ನೋವಿನ ಮಾತುಗಳನ್ನೂ ಹೀಗೆಯೇ ಕಲಿಸಿ. ಕೇರಳದಿಂದ ಬಂದ ನರ್ಸ್ ಬೇಗ ಕನ್ನಡ ಕಲಿಯುತ್ತಾಳೆ, ಅದರಲ್ಲಿ ನನಗೆ ಅವರ ಮೇಲೆ ಬಹಳ ಗೌರವವಿದೆ. ಆದರೆ ಅವಳು ಕಲಿತದ್ದು ಬೆಂಗಳೂರಿನ 'ನೋವು'. ಧಾರವಾಡದ ಕಡೆಯವರು 'ಬ್ಯಾನಿ' ಎನ್ನುತ್ತಾರೆ, 'ತ್ರಾಸ ಆಗಾಕತ್ತೈತಿ' ಎನ್ನುತ್ತಾರೆ. 'ಎದಿ ಹಿಡದಂಗಾಗೈತಿ', 'ಸಂಕಟ ಆಗ್ತದ', 'ದಮ್ಮು ಹತ್ತೈತಿ' ಎಂಬ ಮಾತುಗಳು ಹೃದಯದ ತೊಂದರೆಯಿರುವ ರೋಗಿಯ ಬಾಯಿಂದ ಬಂದಾಗ ಏನನ್ನು ಸೂಚಿಸಬಹುದು ಎಂಬುದು ಅವಳಿಗೆ ತಿಳಿದಿರಬೇಕು. 'ಉರಿ', 'ಸೆಳೆತ', 'ಚುಚ್ಚಿದಂಗ', 'ಹಿಂಡಿದಂಗ' ಒಂದೊಂದೂ ಬೇರೆ ಬೇರೆ ಕಾರಣಗಳ ಕಡೆ ಬೆರಳು ತೋರಿಸುತ್ತವೆ. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಿ ಎಂದರೆ ಅನೇಕರಿಗೆ ಅದು ಪರೀಕ್ಷೆಯ ಅಂಕದಂತೆ ಕೇಳಿಸುತ್ತದೆ. 'ನಾಕಾಣೆ, ಎಂಟಾಣೆ, ಹನ್ನೆರಡಾಣೆ, ಪೂರ್ತಿ ರೂಪಾಯಿ' ಎಂದು ಕೇಳಿದರೆ ಹಿರಿಯರು ಕೂಡಲೇ ಉತ್ತರಿಸುವುದನ್ನು ನಾನು ಕಂಡಿದ್ದೇನೆ. ಮಾತೇ ಆಡಲಾರದ ರೋಗಿಗೆ ಸಿಪಿಒಟಿ ಮಾಪನವಿದೆ. ಕೆನಡಾದ ಸೆಲಿನ್ ಜೆಲಿನಾಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಇದು ಮುಖಭಾವ, ಮೈಯ ಚಲನೆ, ಸ್ನಾಯುಗಳ ಬಿಗಿತ, ವೆಂಟಿಲೇಟರ್‌ನೊಂದಿಗೆ ಹೊಂದಾಣಿಕೆ ಎಂಬ ನಾಲ್ಕನ್ನು ನೋಡಿ ಎಂಟರವರೆಗೆ ಅಂಕ ಕೊಡುತ್ತದೆ. ಇದನ್ನು ಕಲಿಸುವಾಗ ಒಂದು ಎಚ್ಚರಿಕೆ ಹೇಳಿ: ಗಟ್ಟಿಯಾಗಿ ನರಳುವ ಸಮುದಾಯ, ಸಹಿಸಿಕೊಳ್ಳುವ ಸಮುದಾಯ ಎಂಬ ಮಾತುಗಳು ಸಿಬ್ಬಂದಿಯ ಕೋಣೆಯಲ್ಲಿ ಸಲೀಸಾಗಿ ಓಡಾಡುತ್ತವೆ. 'ಇವರದ್ದು ಯಾವಾಗಲೂ ಜಾಸ್ತಿ' ಎಂಬ ಒಂದು ಮಾತಿಗೆ ಒಬ್ಬ ರೋಗಿಯ ನೋವಿನ ಔಷಧಿ ಎರಡು ಗಂಟೆ ತಡವಾಗುತ್ತದೆ.

ತಲೆ ಅಲ್ಲಾಡಿಸುವ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ತಲೆಯನ್ನು ಪಕ್ಕಕ್ಕೆ ಓಲಾಡಿಸಿದರೆ ಹೌದು, ಆಗಲಿ, ಕೇಳಿಸಿಕೊಂಡೆ ಎಂಬ ಮೂರೂ ಅರ್ಥಗಳಿವೆ. ನಳಿಕೆ ಹಾಕಿದ ರೋಗಿಯ ಒಪ್ಪಿಗೆಯನ್ನು ಅಂಥ ಓಲಾಟದ ಮೇಲೆ ದಾಖಲಿಸುವುದು ಅಪಾಯ. ಹೌದಿಗೆ ಒಮ್ಮೆ ಕಣ್ಣು ಮುಚ್ಚುವುದು, ಇಲ್ಲಕ್ಕೆ ಎರಡು ಸಲ ಎಂದು ಮೊದಲೇ ಒಪ್ಪಿಸಿ, ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ ಖಾತ್ರಿ ಮಾಡಿಕೊಂಡು ಮುಂದುವರಿಯಬೇಕು. ದುಭಾಷಿಯಾಗಿ ಮನೆಯ ಮಗುವನ್ನಾಗಲಿ, ಪಕ್ಕದ ರೋಗಿಯ ಸಂಬಂಧಿಯನ್ನಾಗಲಿ ಬಳಸಬಾರದು. ಮನೆಯವರು ಅನುವಾದಿಸುವಾಗ ಕೆಟ್ಟ ಸುದ್ದಿಯನ್ನು ತೇಲಿಸಿ ಹೇಳುವುದು ಪ್ರೀತಿಯಿಂದಲೇ, ಆದರೆ ಒಪ್ಪಿಗೆ ಪಡೆಯುವ ಮಾತುಕತೆಗೆ ಅದು ಸಾಲದು. ನಿಮ್ಮ ಆಸ್ಪತ್ರೆಯಲ್ಲಿ ಲೆಕ್ಕಪತ್ರ ವಿಭಾಗದಿಂದ ಹಿಡಿದು ಅಡುಗೆಮನೆಯವರೆಗೆ ಯಾರಿಗೆ ಯಾವ ಭಾಷೆ ಬರುತ್ತದೆ ಎಂಬ ಪಟ್ಟಿ ಮಾಡಿ, ಒಪ್ಪುವವರಿಗೆ ಎರಡು ಗಂಟೆಯ ತರಬೇತಿ ಕೊಟ್ಟು, ಫೋನ್ ಸಂಖ್ಯೆಗಳನ್ನು ನರ್ಸ್‌ಗಳ ಮೇಜಿನ ಮೇಲೆ ಅಂಟಿಸಿ. ಬಿಹಾರದ ಕಾರ್ಮಿಕನ ಜೊತೆ ಗುತ್ತಿಗೆದಾರನೊಬ್ಬನೇ ಬಂದಿರುವಾಗ, ಅವನು ಹೇಳಿದ್ದೇ ರೋಗಿಯ ಮಾತಾಗಬಾರದು. ಊರಿನ ಮನೆಗೆ ವಿಡಿಯೋ ಕರೆ ಮಾಡಿಸುವುದು ನರ್ಸ್‌ನ ಕೆಲಸದ ಭಾಗ.

ಮೈಬಣ್ಣವನ್ನು ಸಂಸ್ಕೃತಿಯ ತರಬೇತಿಯಲ್ಲಿ ಬಿಡುವವರೇ ಹೆಚ್ಚು. ತುಟಿ ನೀಲಿಯಾಗುವುದು, ಚರ್ಮ ಬಿಳಿಚುವುದು, ಒತ್ತುಹುಣ್ಣು ಆರಂಭದಲ್ಲಿ ಕೆಂಪಾಗಿ ಕಾಣುವುದು ಎಂದು ಪಠ್ಯಗಳು ಹೇಳುವುದು ಬಿಳಿಯ ಚರ್ಮದ ಮೇಲೆ ನೋಡಿದ ಲಕ್ಷಣಗಳು. ಕಪ್ಪು ಮೈಬಣ್ಣದ ರೋಗಿಯಲ್ಲಿ ನಾಲಿಗೆ, ಕಣ್ಣಿನ ಕೆಳರೆಪ್ಪೆಯ ಒಳಭಾಗ, ಅಂಗೈಗಳನ್ನು ನೋಡಬೇಕು; ಒತ್ತಡ ಬಿದ್ದ ಜಾಗವನ್ನು ಮುಟ್ಟಿ ಬಿಸಿ, ಗಡಸುತನ ಅರಿಯಬೇಕು. 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಬೆರಳಿನ ಆಕ್ಸಿಮೀಟರ್ ಶೇ. 92ರಿಂದ 96 ತೋರಿಸುತ್ತಿದ್ದರೂ ರಕ್ತಪರೀಕ್ಷೆಯಲ್ಲಿ ಆಮ್ಲಜನಕದ ಮಟ್ಟ ಶೇ. 88ಕ್ಕಿಂತ ಕಡಿಮೆ ಇದ್ದ ಪ್ರಕರಣಗಳು ಕಪ್ಪು ರೋಗಿಗಳಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6 ಇದ್ದವು. ಅಲ್ಲಿನ ಅಂಕಿಯನ್ನು ಇಲ್ಲಿಗೆ ನೇರವಾಗಿ ತರಲಾಗದು, ಆದರೂ ಕರಿಬಣ್ಣದ ರೋಗಿಗಳೇ ಹೆಚ್ಚಿರುವ ನಮ್ಮ ಘಟಕಗಳಲ್ಲಿ, ಯಂತ್ರದ ಅಂಕಿ ಮತ್ತು ಎದುರಿಗಿರುವ ರೋಗಿಯ ಸ್ಥಿತಿ ತಾಳೆಯಾಗದಿದ್ದಾಗ ಅಪಧಮನಿಯ ರಕ್ತ ಕಳುಹಿಸಲು ನರ್ಸ್ ಒತ್ತಾಯಿಸಬೇಕು.

ಆಹಾರ, ಔಷಧಿಗಳ ವಿಷಯವನ್ನು ಒಂದು ತರಗತಿಯಲ್ಲಿ ಮುಗಿಸಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಸಾಮಾನ್ಯವಾಗಿ ಹಂದಿಯ ಕರುಳಿನಿಂದ ಬರುತ್ತದೆ, ಮಂಪರು ತರುವ ಪ್ರೊಪೊಫಾಲ್‌ನಲ್ಲಿ ಮೊಟ್ಟೆಯ ಅಂಶವಿದೆ, ಅನೇಕ ಕ್ಯಾಪ್ಸೂಲುಗಳ ಕವಚ ಪ್ರಾಣಿಜನ್ಯ ಜೆಲಾಟಿನ್. ಇದನ್ನು ಮುಚ್ಚಿಡಬಾರದು, ಜೀವ ಉಳಿಸುವ ಅನಿವಾರ್ಯತೆಯಲ್ಲಿ ಇಸ್ಲಾಂ ವಿನಾಯಿತಿ ಕೊಡುತ್ತದೆ ಎಂಬುದನ್ನು ಬಹುತೇಕ ಕುಟುಂಬಗಳು ತಾವಾಗಿಯೇ ಹೇಳುತ್ತವೆ. ಜೈನ ರೋಗಿಯ ಮೂಗಿನ ನಳಿಕೆಯ ಆಹಾರದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳ ಬಗ್ಗೆ, ಸೂರ್ಯಾಸ್ತದ ನಂತರ ಆಹಾರ ಕೊಡುವ ಬಗ್ಗೆ ಮೊದಲೇ ಕೇಳಿ, ಆಹಾರತಜ್ಞರಿಗೆ ತಿಳಿಸಿ. ರಕ್ತ ಬೇಡ ಎನ್ನುವ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರ ವಿಷಯದಲ್ಲಿ ನರ್ಸ್ ತೀರ್ಮಾನಿಸುವುದಿಲ್ಲ, ವಾದಿಸುವುದೂ ಇಲ್ಲ. ಕೂಡಲೇ ಹಿರಿಯ ವೈದ್ಯರಿಗೆ ತಿಳಿಸುತ್ತಾಳೆ.

ನಿಮ್ಮ ಎರಡನೆಯ ದೂರಿಗೆ ತರಬೇತಿಗಿಂತ ಪಾಳಿಯ ಹಂಚಿಕೆ ಮುಖ್ಯ. ರಾತ್ರಿ ಪಾಳಿಯಲ್ಲಿ ಒಬ್ಬಳಾದರೂ ಮಹಿಳಾ ಸಹಾಯಕಿ ಇರದಿದ್ದರೆ, ನರ್ಸ್ ಎಷ್ಟೇ ಸೂಕ್ಷ್ಮಮತಿಯಾಗಿದ್ದರೂ ಏನು ಮಾಡಬಲ್ಲಳು? ಈ ಸಂಕೋಚ ಮುಸ್ಲಿಂ ಮಹಿಳೆಯರಿಗೆ ಮಾತ್ರ ಸೇರಿದ್ದೂ ಅಲ್ಲ. ಪರದೆ ಎಳೆಯದೆ ಮೈ ಒರೆಸಿದರೆ ನೋಯದ ಹೆಂಗಸು ಯಾವ ಸಮುದಾಯದಲ್ಲೂ ಇಲ್ಲ. ಅವರು ದೂರು ಕೊಟ್ಟರು, ಉಳಿದವರು ಕೊಡಲಿಲ್ಲ, ಅಷ್ಟೆ.

ಯಾರು ನಿರ್ಧರಿಸುತ್ತಾರೆ ಎಂಬುದು ಇನ್ನೂ ಕಷ್ಟದ ವಿಷಯ. ಪಾಶ್ಚಾತ್ಯ ಪಠ್ಯಗಳು ರೋಗಿಯ ಸ್ವಂತ ನಿರ್ಧಾರವನ್ನು ಮುಂದಿಡುತ್ತವೆ, ನಮ್ಮಲ್ಲಿ ಹಿರಿಯ ಮಗ, ಅಣ್ಣತಮ್ಮಂದಿರು, ಕೆಲವೊಮ್ಮೆ ಊರ ಹಿರಿಯರು ಬಂದು ಕೂರುತ್ತಾರೆ. 'ಅಪ್ಪಾಜಿಗೆ ಹೇಳಬ್ಯಾಡ್ರಿ, ಧೈರ್ಯ ಕಳಕೊಂತಾರ' ಎಂಬ ಮಾತನ್ನು ಕೇಳದ ಐಸಿಯು ನರ್ಸ್ ಇಲ್ಲ. ಈ ಮಾತಿಗೆ ಕೂಡಲೇ ಆಗಲಿ ಎನ್ನುವುದೂ, ಕಾನೂನು ಹೇಳುವುದೂ ತಪ್ಪು. 'ಅವರೇ ಕೇಳಿದರೆ ನಾನು ಏನು ಹೇಳಲಿ?' ಎಂದು ಮನೆಯವರನ್ನು ಕೇಳುವುದನ್ನು ಅಭ್ಯಾಸ ಮಾಡಿಸಿ. ಆ ಪ್ರಶ್ನೆಯಿಂದ ಮಾತುಕತೆ ತೆರೆದುಕೊಳ್ಳುತ್ತದೆ. ಹೊರಗೆ ಬೆಂಚಿನ ತುದಿಯಲ್ಲಿ ಕುಳಿತ, ಯಾರೂ ಮಾತಾಡಿಸದ ಹೆಂಡತಿಗೆ ರೋಗಿಯ ಇಚ್ಛೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಎಷ್ಟೋ ಸಲ. ಅವಳನ್ನು ಒಳಗೆ ಕರೆಯುವುದು ನರ್ಸ್ ಮಾತ್ರ ಮಾಡಬಲ್ಲ ಕೆಲಸ. ಕಾನೂನಿನ ಚೌಕಟ್ಟನ್ನೂ ಪಾಠದಲ್ಲಿ ಸೇರಿಸಿ: ಗೌರವದಿಂದ ಸಾಯುವ ಹಕ್ಕನ್ನು ಮತ್ತು ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮೊದಲೇ ಬರೆದಿಡುವ ಮುಂಚಿತ ಇಚ್ಛಾಪತ್ರವನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯ ಮಾಡಿತು, 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಮನೆಯವರು 'ಇನ್ನು ಸಾಕು, ಊರಿಗೆ ಕರಕೊಂಡು ಹೋಗ್ತೀವಿ' ಎಂದಾಗ ಅದನ್ನು ವೈದ್ಯರ ಸಲಹೆ ಮೀರಿದ ಬಿಡುಗಡೆ ಎಂದು ಸಹಿ ಹಾಕಿಸಿ ಕೈತೊಳೆದುಕೊಳ್ಳುವ ಪದ್ಧತಿ ನಿಲ್ಲಬೇಕು.

ಸಾವಿನ ಹೊತ್ತಿನ ಆರೈಕೆಗೆ ಹೆಚ್ಚು ಸಮಯ ಮೀಸಲಿಡಿ, ಏಕೆಂದರೆ ಇಲ್ಲಿ ಒಮ್ಮೆ ಆದ ತಪ್ಪನ್ನು ತಿದ್ದಲು ಎರಡನೆಯ ಅವಕಾಶ ಇರುವುದಿಲ್ಲ. ಬಾಯಿಗೆ ಗಂಗಾಜಲ ಅಥವಾ ತುಳಸಿ ನೀರು ಬಿಡಬೇಕು ಎಂದಾಗ, ನುಂಗಲಾರದ ರೋಗಿಯ ತುಟಿಯನ್ನು ಹತ್ತಿಯಿಂದ ಒದ್ದೆ ಮಾಡಿಸಬಹುದು. ಝಮ್‌ಝಮ್ ನೀರಿಗೂ ಅದೇ ದಾರಿ. ಮುಸ್ಲಿಂ ರೋಗಿಯ ಮಂಚವನ್ನು ಕಿಬ್ಲಾದ, ಅಂದರೆ ಮೆಕ್ಕಾದ ಕಾಬಾದ, ದಿಕ್ಕಿಗೆ ತಿರುಗಿಸಲು ಸಾಧ್ಯವೇ ಎಂದು ನೋಡಿ, ಸಾಧ್ಯವಿಲ್ಲದಿದ್ದರೆ ಮುಖವನ್ನಾದರೂ ತಿರುಗಿಸಿ, ಕಿವಿಯಲ್ಲಿ ಕಲಿಮಾ ಹೇಳಲು ಒಬ್ಬರನ್ನು ಒಳಗೆ ಬಿಡಿ. ಕ್ಯಾಥೊಲಿಕ್ ಕುಟುಂಬಕ್ಕೆ ಪಾದ್ರಿಗಳಿಂದ ಅಭ್ಯಂಗ ಸಂಸ್ಕಾರ ರೋಗಿ ಬದುಕಿರುವಾಗಲೇ ಆಗಬೇಕು. ಉಸಿರು ನಿಂತ ಮೇಲೆ ಫೋನ್ ಮಾಡಿ ಪ್ರಯೋಜನವಿಲ್ಲ. ಲಿಂಗಾಯತರಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ಪದ್ಧತಿಯಿದೆ. ಸತ್ತ ಕೆಲವೇ ಗಂಟೆಗಳಲ್ಲಿ ಮೈ ಸೆಟೆಯಲಾರಂಭಿಸುತ್ತದೆ. ನಾವು ಕೈಕಾಲು ನೀಳವಾಗಿ ಚಾಚಿ, ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿ, ಬಿಲ್ ಚುಕ್ತಾ ಆಗುವವರೆಗೆ ಶವಾಗಾರದಲ್ಲಿಟ್ಟು ಕೊಟ್ಟರೆ, ಮನೆಯಲ್ಲಿ ಆ ಕಾಲುಗಳನ್ನು ಮಡಿಸುವ ಸಂಕಟ ಮಕ್ಕಳದ್ದಾಗುತ್ತದೆ. 'ದೇಹವನ್ನು ಹೇಗೆ ಇಡಬೇಕು?' ಎಂಬ ಒಂದು ಪ್ರಶ್ನೆ ಆ ಸಂಕಟವನ್ನು ತಪ್ಪಿಸುತ್ತದೆ. ಅಪಘಾತದಂಥ ಪ್ರಕರಣದಲ್ಲಿ ಮರಣೋತ್ತರ ಪರೀಕ್ಷೆ ತಪ್ಪದು ಎಂಬುದನ್ನು, ಬೇಗ ದಫನ್ ಮಾಡಬೇಕಾದ ಕುಟುಂಬಕ್ಕೆ ಮುಂಚಿತವಾಗಿಯೇ ತಿಳಿಸಬೇಕು; ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಅದನ್ನು ನಡೆಸಲು 2021ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅವಕಾಶ ಕೊಟ್ಟಿದೆ, ಕೊಲೆ, ಆತ್ಮಹತ್ಯೆಯಂಥ ಪ್ರಕರಣಗಳಿಗೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ. ನಮ್ಮ ಕಡೆ ಹೆಂಗಸರು ಸತ್ತವರ ಗುಣಗಳನ್ನು ಹೇಳಿಕೊಂಡು, ರಾಗವಾಗಿ ಹಾಡಿಕೊಂಡು ಅಳುತ್ತಾರೆ. ಅದನ್ನು ಗದ್ದಲ ಎಂದು ಗದರಿಸುವ ಬದಲು, ಘಟಕದ ಹತ್ತಿರ ಬಾಗಿಲು ಹಾಕಬಹುದಾದ ಒಂದು ಕೋಣೆಯನ್ನು ಕೊಡಿ.

ಜಾತಿಯ ಮಾತನ್ನು ಆಡದೆ ಈ ತರಬೇತಿಯನ್ನು ಮುಗಿಸಬೇಡಿ. ಸಾಂಸ್ಕೃತಿಕ ವೈವಿಧ್ಯ ಎಂಬ ಮೃದುವಾದ ಹೆಸರಿನಡಿ ಅದನ್ನು ಮರೆಸುವುದು ಸುಲಭ. ನಿಮ್ಮ ನರ್ಸ್‌ಗಳು ಯಾವ ರೋಗಿಯನ್ನು 'ನೀವು' ಎನ್ನುತ್ತಾರೆ, ಯಾರನ್ನು 'ನೀನು' ಎನ್ನುತ್ತಾರೆ ಎಂದು ಒಂದು ವಾರ ಗಮನಿಸಿ. ಹಳ್ಳಿಯ ಅಜ್ಜನನ್ನು ಪ್ರೀತಿಯಿಂದ ಏಕವಚನದಲ್ಲಿ ಕರೆಯುವುದಿದೆ, ಅದು ಬೇರೆ. ವಿಮೆ ಇರುವವರಿಗೆ ಬಹುವಚನ, ಪೌರಕಾರ್ಮಿಕನಿಗೆ ಏಕವಚನ ಎಂದಾದರೆ ಅಲ್ಲಿ ತರಬೇತಿಯ ವಿಷಯ ಸಿಕ್ಕಿತು. ಇದರ ಇನ್ನೊಂದು ಮುಖವೂ ಇದೆ. ನರ್ಸ್‌ನ ಜಾತಿ ಕೇಳುವ, ಈಶಾನ್ಯದ ಹುಡುಗಿಯನ್ನು ಮುಖಚಹರೆ ನೋಡಿ ಹೀಯಾಳಿಸುವ ಸಂಬಂಧಿಕರಿದ್ದಾರೆ. ಮಹಿಳಾ ಸಿಬ್ಬಂದಿ ಬೇಕು ಎಂಬ ಕೋರಿಕೆಯನ್ನು ಗೌರವಿಸಬೇಕು; ಇಂಥ ಜಾತಿಯವರು ಮುಟ್ಟಬಾರದು ಎಂಬ ಕೋರಿಕೆಯನ್ನು ಎಂದಿಗೂ ಒಪ್ಪಬಾರದು. ಈ ಗೆರೆಯನ್ನು ಆಡಳಿತ ಲಿಖಿತವಾಗಿ ಎಳೆಯಬೇಕು, ಅದನ್ನು ಹೇಳುವ ಭಾರ ಪಾಳಿಯಲ್ಲಿರುವ ಇಪ್ಪತ್ತೆರಡು ವರ್ಷದ ಹುಡುಗಿಯ ಮೇಲೆ ಬೀಳಬಾರದು.

ತರಬೇತಿಯ ರೂಪ ಹೇಗಿರಬೇಕು? ಒಂದು ದಿನದ ಬದಲು ಆರು ತಿಂಗಳು, ಹದಿನೈದು ದಿನಕ್ಕೊಮ್ಮೆ ಪಾಳಿ ಬದಲಾಗುವ ಹೊತ್ತಿನಲ್ಲಿ ನಲವತ್ತು ನಿಮಿಷ, ಐಸಿಯು ಪಕ್ಕದ ಕೋಣೆಯಲ್ಲಿಯೇ. ಪ್ರತಿ ಸಲ ನಿಮ್ಮದೇ ಘಟಕದ ಒಂದು ಘಟನೆ, ರೋಗಿಯ ಗುರುತು ತಿಳಿಯದಂತೆ. ಅದನ್ನು ಅಭಿನಯಿಸಿ ನೋಡಿ. ತಾಂಡಾದ ಸೊಸೆಯ ಪಾತ್ರವನ್ನು ನಿಮ್ಮ ಲಂಬಾಣಿ ಸಹಾಯಕಿಯೇ ಮಾಡಲಿ, ಅವಳಿಗೆ ಆ ಗಂಟೆಯ ಗೌರವಧನ ಕೊಡಿ. ನರ್ಸ್‌ಗಳೂ ತಮ್ಮ ಕಥೆ ಹೇಳಲಿ. ಮಿಜೋರಾಂನ ಹುಡುಗಿಗೆ ತನ್ನೂರಿನಲ್ಲಿ ಸಾವಿನ ಮನೆಯಲ್ಲಿ ಏನಾಗುತ್ತದೆ ಎಂದು ಹೇಳಲು ಅವಕಾಶ ಸಿಕ್ಕಿದ ದಿನದಿಂದ ಅವಳು ಇತರರನ್ನು ಕೇಳತೊಡಗುತ್ತಾಳೆ. ವೈದ್ಯರು ಕೂರದ ತರಬೇತಿ ಅರ್ಧ ವ್ಯರ್ಥ, ಏಕೆಂದರೆ ನರ್ಸ್ ಕೇಳಿ ಬರೆದದ್ದನ್ನು ಅವರು ಓದದಿದ್ದರೆ ಮೂರನೆಯ ವಾರಕ್ಕೆ ಅವಳು ಬರೆಯುವುದನ್ನು ಬಿಡುತ್ತಾಳೆ. ಮೂರು ವೆಂಟಿಲೇಟರ್ ರೋಗಿಗಳನ್ನು ಒಬ್ಬಳೇ ನೋಡುವ ನರ್ಸ್‌ಗೆ ಈ ಯಾವ ಪಾಠವೂ ತಾಕುವುದಿಲ್ಲ ಎಂಬುದನ್ನು ಆಡಳಿತಕ್ಕೆ ನೇರವಾಗಿ ಹೇಳಿ.

ಫಲಿತಾಂಶದ ಬಗ್ಗೆ ಆಡಳಿತ ಕೇಳುತ್ತದೆ, ಕೇಳಬೇಕು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ಸಮೀಕ್ಷೆಗೆ ಆರೋಗ್ಯ ಸಿಬ್ಬಂದಿಯ ಸಾಂಸ್ಕೃತಿಕ ಶಿಕ್ಷಣದ ಬಗ್ಗೆ ಸಿಕ್ಕ ಯಾದೃಚ್ಛಿಕ ಪ್ರಯೋಗಗಳು (ಯಾರಿಗೆ ತರಬೇತಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ಹೋಲಿಸುವ ಅಧ್ಯಯನಗಳು) ಐದೇ ಐದು, ಅವುಗಳ ಸಾಕ್ಷ್ಯವೂ ದುರ್ಬಲ. ತರಬೇತಿ ಪಡೆದವರಿಗೆ ಆತ್ಮವಿಶ್ವಾಸ ಬಂತು ಎಂದು ತೋರಿಸುವುದು ಸುಲಭ, ರೋಗಿಗೆ ಒಳಿತಾಯಿತು ಎಂದು ತೋರಿಸುವುದು ಕಷ್ಟ. ಆದ್ದರಿಂದ ಕಾರ್ಯಾಗಾರದ ಕೊನೆಯಲ್ಲಿ ಪ್ರಶ್ನಾವಳಿ ತುಂಬಿಸಿ ಸಮಾಧಾನಪಡಬೇಡಿ. ತಿಂಗಳಿಗೊಮ್ಮೆ ಹತ್ತು ಕೇಸ್ ಶೀಟ್‌ಗಳನ್ನು ತೆಗೆದು ನೋಡಿ: ರೋಗಿಯ ಭಾಷೆ ಬರೆದಿದೆಯೇ, ಡೆಲಿರಿಯಂ ಪರೀಕ್ಷೆ ಆ ಭಾಷೆಯಲ್ಲಿ ಆಗಿದೆಯೇ, ಮೈಮೇಲಿಂದ ತೆಗೆದ ವಸ್ತು ಯಾರ ಕೈ ಸೇರಿತು ಎಂದು ದಾಖಲಾಗಿದೆಯೇ, ಮರಣ ಹೊಂದಿದವರ ಮನೆಯವರನ್ನು ಮುಂಚಿತವಾಗಿ ಕೇಳಲಾಗಿತ್ತೇ.

ಮುಂದಿನ ಸೋಮವಾರದಿಂದಲೇ ಆರಂಭಿಸಬಹುದಾದದ್ದು ಪಾಳಿ ಹಸ್ತಾಂತರದ ಹಾಳೆ. ಅದರಲ್ಲಿ ರಕ್ತದೊತ್ತಡ, ವೆಂಟಿಲೇಟರ್ ಅಂಕಿಗಳ ಕೆಳಗೆ ಆರು ಸಾಲು ಸೇರಿಸಿ: ಮನೆಯಲ್ಲಿ ಆಡುವ ಭಾಷೆ, ಇವರನ್ನು ಏನೆಂದು ಕರೆಯಬೇಕು, ಮನೆಯವರಲ್ಲಿ ಯಾರ ಜೊತೆ ಮಾತಾಡಬೇಕು, ರೋಗಿಯನ್ನು ಹೆಚ್ಚು ಬಲ್ಲವರು ಯಾರು, ಕೇಳದೆ ತೆಗೆಯಬಾರದ, ಮಾಡಬಾರದ ಸಂಗತಿ ಏನು, ಸ್ಥಿತಿ ಬಿಗಡಾಯಿಸಿದರೆ ಯಾರನ್ನು ಕರೆಸಬೇಕು. ದಾಖಲಾದ ಆರು ಗಂಟೆಯೊಳಗೆ ಈ ಸಾಲುಗಳು ತುಂಬಬೇಕು, ಪ್ರತಿ ಪಾಳಿಯಲ್ಲಿ ಗಟ್ಟಿಯಾಗಿ ಓದಬೇಕು. ಧರ್ಮ ಎಂಬ ಸಾಲನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಆ ಸಾಲು ಇದ್ದರೆ ಉಳಿದ ಆರನ್ನೂ ಅದರಿಂದಲೇ ಊಹಿಸಿ ತುಂಬಿಬಿಡುತ್ತಾರೆ.